ಹೊಸ ಅದಿರು ಆಮೇಲೆ, ಮೊದಲು ಹಳೇದಕ್ಕೆ ಕೆಲಸ ಕೊಡಿ

(ಕೋಲಾರದಲ್ಲಿ ಗೇಮ್ ಮಾಡುವುದನ್ನು ಕಲಿಯುತ್ತಿರುವ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆಯುವಾಗ ಸ್ವಲ್ಪ ಓರಣ ಮಾಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಮಾಡ್‌ಗೆ, ಅಂದರೆ ಆಟಕ್ಕೆ ನೀವು ಸೇರಿಸುತ್ತಿರುವ ಹೊಸ ಭಾಗಕ್ಕೆ, ಯಾವ್ಯಾವ ಹೊಸ ಅದಿರು ಹಾಕಬೇಕು ಅಂತ ಒಂದು ಪಟ್ಟಿ ಕಳಿಸಿದ್ದಿರಿ. ನೋಡಿದೆ. ಬೆಳ್ಳಿ, ತವರ, ಸೀಸ, ಪ್ಲಾಟಿನಂ, ಟಂಗ್‌ಸ್ಟನ್, ಯುರೇನಿಯಂ, ಮಾಣಿಕ್ಯ. ಕೊನೆಯಲ್ಲಿ ಯಾರೋ ‘ಕೋಲಾರೈಟ್’ ಅಂತಲೂ ಸೇರಿಸಿದ್ದಾರೆ. ಹೆಸರು ಚೆನ್ನಾಗಿದೆ. ಆದರೆ ಪಟ್ಟಿಯಲ್ಲಿ ಇರುವುದು ಹೆಸರು ಮಾತ್ರ. ಅದು ಕೈಗೆ ಸಿಕ್ಕ ಮೇಲೆ ಆಡುವವರು ಏನು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಬೇಡ. ಆಟದಲ್ಲಿ ಈಗಾಗಲೇ ಬಿದ್ದಿರುವ ಅದಿರುಗಳಿಗೆ ಕೆಲಸ ಕೊಡುವುದು ಹೊಸದನ್ನು ತುಂಬುವುದಕ್ಕಿಂತ ಒಳ್ಳೆಯದು. ಯಾಕೆ ಅಂತ ಹೇಳುತ್ತೇನೆ, ಒಪ್ಪದಿದ್ದರೆ ಜಗಳ ಆಡಿ.

ಚಿನ್ನದಿಂದಲೇ ಶುರು ಮಾಡೋಣ. ಕೋಲಾರದಲ್ಲಿ ನಿಂತು ಬೇರೆ ಯಾವುದರಿಂದ ಶುರು ಮಾಡಲಿ? ಬ್ಲಾಕ್ ಅಗೆದು, ಜೋಡಿಸಿ ಆಡುವ ಮೈನ್‌ಕ್ರಾಫ್ಟ್ ಮೊದಲು ಜನರ ಕೈಗೆ ಬಂದದ್ದು 2009ರಲ್ಲಿ. ಅದೇ ವರ್ಷ ಚಿನ್ನದ ಅದಿರೂ ಬಂತು. ಆದರೆ ಅದರಿಂದ ಮಾಡಿದ ಪಿಕಾಸಿ ನೋಡಿ. ಕಲ್ಲನ್ನು ವಜ್ರದ ಪಿಕಾಸಿಗಿಂತ ಬೇಗ ಒಡೆಯುತ್ತದೆ ನಿಜ. ಆದರೆ 32 ಬ್ಲಾಕ್ ಒಡೆಯುವಷ್ಟರಲ್ಲಿ ಮುಗಿದೇ ಹೋಯಿತು. ಕಬ್ಬಿಣದ್ದು 250 ತಾಳುತ್ತದೆ, ವಜ್ರದ್ದು 1561. ಇನ್ನೊಂದು ತಮಾಷೆ ಅಂದರೆ, ಚಿನ್ನದ ಪಿಕಾಸಿಯಿಂದ ಚಿನ್ನದ ಅದಿರನ್ನೇ ತೆಗೆಯಲು ಆಗುವುದಿಲ್ಲ. ಒಡೆದರೆ ಕಲ್ಲು ಮಾಯ, ಕೈಗೆ ಏನೂ ಇಲ್ಲ. ಹಾಗಾಗಿ ವರ್ಷಗಟ್ಟಲೆ ಎಲ್ಲರ ಪೆಟ್ಟಿಗೆಯಲ್ಲೂ ಚಿನ್ನ ಸುಮ್ನೆ ಬಿದ್ದಿರುತ್ತಿತ್ತು. ರೈಲು ಹಳಿಗೆ ಸ್ವಲ್ಪ, ಚಿನ್ನದ ಸೇಬಿಗೆ ಸ್ವಲ್ಪ, ಗಡಿಯಾರಕ್ಕೆ ಸ್ವಲ್ಪ. ಅಷ್ಟೇ.

2020ರ ಜೂನ್‌ನಲ್ಲಿ ನೆದರ್ ಅಪ್‌ಡೇಟ್ ಬಂತು, ನೆದರ್ ಅಂದರೆ ಆಟದೊಳಗಿನ ಬೆಂಕಿಯ ಪಾತಾಳ ಲೋಕ. ಪಿಗ್ಲಿನ್ ಅನ್ನುವ ಹಂದಿಮುಖದ ಜನ ಬಂದರು. ಮೈಮೇಲೆ ಒಂದಾದರೂ ಚಿನ್ನದ ಕವಚ ಇಲ್ಲದೆ ಹೋದರೆ ಹೊಡೆಯಲು ಬರುತ್ತಾರೆ. ಚಿನ್ನದ ಗಟ್ಟಿ ಕೊಟ್ಟರೆ ಬದಲಿಗೆ ಏನಾದರೂ ಕೊಡುತ್ತಾರೆ. ಜೊತೆಗೆ ನೆದರೈಟ್ ಅನ್ನುವ ಹೊಸ ಲೋಹದ ಗಟ್ಟಿ ಮಾಡಲು 4 ನೆದರೈಟ್ ಚೂರಿಗೆ 4 ಚಿನ್ನದ ಗಟ್ಟಿ ಬೇಕು ಅಂತ ಇಟ್ಟರು. ಚಿನ್ನದ ಬಣ್ಣ ಬದಲಾಗಲಿಲ್ಲ, ಪಿಕಾಸಿಯ 32 ಬದಲಾಗಲಿಲ್ಲ. ಆದರೂ ಹನ್ನೊಂದು ವರ್ಷ ಧೂಳು ಹಿಡಿದಿದ್ದ ಲೋಹವನ್ನು ಜನ ಹುಡುಕಿಕೊಂಡು ಹೋಗಲು ಶುರು ಮಾಡಿದರು.

ಲಾಪಿಸ್ ಲಾಜುಲಿ ಅನ್ನುವ ನೀಲಿ ಕಲ್ಲಿನ ಕಥೆಯೂ ಹೀಗೇ. 2011ರಲ್ಲಿ ಬಂದಾಗ ಬರೀ ನೀಲಿ ಬಣ್ಣ. 2014ರಲ್ಲಿ ಎನ್‌ಚಾಂಟ್ ಮಾಡಲು, ಅಂದರೆ ಆಯುಧಕ್ಕೆ ಮಂತ್ರಶಕ್ತಿ ತುಂಬಲು, ಲಾಪಿಸ್ ಬೇಕೇ ಬೇಕು ಅಂತ ಮಾಡಿದರು. ಅಲ್ಲಿಗೆ ಅದನ್ನು ದಾಟಿ ಹೋಗುವವರೇ ಇಲ್ಲ.

‘ಸರ್, ಹಾಗಾದರೆ ನೆದರೈಟ್ ಹೊಸದೇ ಅಲ್ವಾ? ಅದು ಚೆನ್ನಾಗೇ ಆಯ್ತಲ್ಲ?’ ಅಂತ ಇಲ್ಲಿ ಮುಂದೆ ಕೂತ ಹುಡುಗ ಕೇಳಿದರು.

ಹೌದು, ಹೊಸದೇ. ಚೆನ್ನಾಗೇ ಆಯಿತು. ಯಾಕೆ ಆಯಿತು ನೋಡಿ. ವಜ್ರಕ್ಕಿಂತ ಗಟ್ಟಿ ಲೋಹ ತಂದರೆ ಸಾಮಾನ್ಯವಾಗಿ ವಜ್ರ ಕಸದ ಬುಟ್ಟಿಗೆ ಹೋಗುತ್ತದೆ. ಇಲ್ಲಿ ಹಾಗೆ ಬಿಡಲಿಲ್ಲ. ವಜ್ರದ ಕತ್ತಿ ಮೊದಲು ಇರಬೇಕು, ಅದರ ಮೇಲೆ ನೆದರೈಟ್ ಏರಿಸಬೇಕು. ಅಂದರೆ ಹೊಸದು ಹಳೇದನ್ನು ತಿಂದು ಹಾಕಲಿಲ್ಲ. ಇನ್ನೂ ಒಂದು ಇದೆ. ಅದರ ಅದಿರು ಏನ್ಶಿಯಂಟ್ ಡೆಬ್ರಿ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ, ಹೆಚ್ಚಾಗಿ ಕಲ್ಲಿನೊಳಗೇ ಹೂತಿರುತ್ತದೆ. ಆದರೆ ಸ್ಫೋಟಕ್ಕೆ ಜಗ್ಗುವುದಿಲ್ಲ. ನೆದರ್‌ನಲ್ಲಿ ಹಾಸಿಗೆ ಹಾಕಿ ಮಲಗಲು ಹೋದರೆ ಅದು ಸಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತಲ್ಲ? ಜನ ಏನು ಮಾಡಿದರು ಅಂದರೆ, ಚೀಲದ ತುಂಬ ಹಾಸಿಗೆ ಹೊತ್ತುಕೊಂಡು ಹೋಗಿ, ಸಾಲಾಗಿ ಸಿಡಿಸುತ್ತಾ ಸುರಂಗ ಕೊರೆದರು. ಸುತ್ತಲ ಕಲ್ಲೆಲ್ಲ ಪುಡಿ, ಅದಿರು ಮಾತ್ರ ಉಳಿಯುತ್ತದೆ. ಹಾಸಿಗೆ ಬೇಕು ಅಂದರೆ ಉಣ್ಣೆ ಬೇಕು, ಉಣ್ಣೆಗೆ ಕುರಿ ಸಾಕಬೇಕು. ಒಂದು ಅದಿರಿನಿಂದ ಕುರಿ ದೊಡ್ಡಿವರೆಗೆ ಕೆಲಸ ಹುಟ್ಟಿತು. ಇಂಥ ಅದಿರು ತರುತ್ತೀರಾ? ತನ್ನಿ, ನಾನು ಬೇಡ ಅನ್ನುವುದಿಲ್ಲ.

ಈಗ ತಾಮ್ರ. 2021ರ ಜೂನ್‌ನಲ್ಲಿ ಬಂತು. ಆಗ ಅದಕ್ಕೆ ಇದ್ದ ಕೆಲಸ ಏನು? ಮಿಂಚು ಹಿಡಿಯುವ ಕಂಬಿ, ದುರ್ಬೀನು, ಮತ್ತೆ ಕಟ್ಟಡದ ಬ್ಲಾಕ್. ಒಂದು ಅದಿರು ಒಡೆದರೆ 2ರಿಂದ 5 ತುಂಡು ಬೀಳುತ್ತದೆ. ಸಿಗುವುದು ರಾಶಿ ರಾಶಿ, ಖರ್ಚಾಗುವುದು ಚಿಟಿಕೆ. ಆಡುವವರು ಬೈದರು. ಬೈದದ್ದು ಅರ್ಧ ಸರಿ.

ಇನ್ನರ್ಧದಲ್ಲಿ ನಾನು ತಾಮ್ರದ ಕಡೆ. ಯಾಕೆಂದರೆ ಆ ಬ್ಲಾಕಿಗೆ ವಯಸ್ಸಾಗುತ್ತದೆ. ಹೊಸದರಲ್ಲಿ ಕೆಂಪಗೆ ಹೊಳೆಯುತ್ತದೆ, ಆಮೇಲೆ ಮಂಕಾಗುತ್ತದೆ, ನಾಲ್ಕನೇ ಹಂತಕ್ಕೆ ಪೂರ್ತಿ ಹಸಿರು. ಅಜ್ಜಿ ಮನೆ ಬಚ್ಚಲಿನ ತಾಮ್ರದ ಹಂಡೆಗೆ ಕಿಲುಬು ಹಿಡಿಯುವ ಹಾಗೆ. ಅಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು, ಇಲ್ಲಿ ಕೊಡಲಿಯಿಂದ ಕೆರೆಯಬೇಕು. ಹಾಗೇ ಉಳಿಯಲಿ ಅಂದರೆ ಜೇನುಮೇಣ ಸವರಬೇಕು. ಕಲ್ಲು ಇಟ್ಟರೆ ಕಲ್ಲಾಗಿಯೇ ಇರುವ ಜಗತ್ತಿನಲ್ಲಿ, ಚಾವಣಿ ಹಾಕಿ ಸುಮಾರು ದಿನ ಬಿಟ್ಟು ಬಂದು ನೋಡಿದರೆ ಬೇರೆ ಬಣ್ಣ! ಇದು ಬೇರೆ ಯಾವ ಅದಿರೂ ಮಾಡದ ಕೆಲಸ. ತಾಮ್ರದ ಬೇರೆ ಕೆಲಸಗಳು ಒಂದೊಂದಾಗಿ ಬಂದವು. 2024ರಲ್ಲಿ ತಾಮ್ರದ ದೀಪ, ಬಾಗಿಲು, ಜಾಲರಿ. 2025ರ ಸೆಪ್ಟೆಂಬರ್ ಕೊನೆಗೆ ತಾಮ್ರದ ಪಿಕಾಸಿ, ಕವಚ, ಮತ್ತೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಮಾನು ವಿಂಗಡಿಸಿ ಇಡುವ ಒಂದು ತಾಮ್ರದ ಗೊಂಬೆ. ಅದಿರು ಬಂದು ನಾಲ್ಕು ವರ್ಷ ಆದ ಮೇಲೆ! ಮೈಕ್ರೋಸಾಫ್ಟ್ ಹಣ ಇರುವ ಕಂಪನಿಗೇ ಒಂದು ಲೋಹಕ್ಕೆ ತಕ್ಕ ಕೆಲಸ ಹುಡುಕಲು ಇಷ್ಟು ಕಾಲ ಹಿಡಿದಿದೆ. ನೀವು ಒಂದೇ ಸಲಕ್ಕೆ ಎಂಟು ತರುತ್ತೀರಾ?

ಮಾಣಿಕ್ಯದ ಬಗ್ಗೆ ಎರಡೇ ಮಾತು. ಮೈನ್‌ಕ್ರಾಫ್ಟ್‌ನಲ್ಲೂ ಹಳ್ಳಿಯವರ ಜೊತೆ ವ್ಯಾಪಾರಕ್ಕೆ ಮೊದಲು ಮಾಣಿಕ್ಯವನ್ನೇ ಯೋಚಿಸಿದ್ದರು. ಆಮೇಲೆ 2012ರಲ್ಲಿ ಬಿಡುಗಡೆ ಆಗುವಾಗ ಪಚ್ಚೆ ಆಯಿತು. ಕೆಂಪು ಮಾಣಿಕ್ಯ, ಆಟದಲ್ಲಿ ಆಗಲೇ ಇದ್ದ ಕೆಂಪು ಅದಿರು ರೆಡ್‌ಸ್ಟೋನ್ ಎರಡೂ ಕಲ್ಲಿನಲ್ಲಿ ಒಂದೇ ಥರ ಕಾಣುತ್ತವೆ, ಬಣ್ಣ ಗುರುತಿಸಲು ಕಷ್ಟ ಇರುವವರಿಗಂತೂ ಗೊತ್ತೇ ಆಗುವುದಿಲ್ಲ. 2021ರಲ್ಲಿ ಅವರು ಹಳೇ ಅದಿರುಗಳ ಚಿತ್ರವನ್ನೂ ಬದಲಾಯಿಸಿದರು. ಮೊದಲು ಹೆಚ್ಚಿನವಕ್ಕೆ ಒಂದೇ ಆಕಾರದ ಚುಕ್ಕೆ, ಬಣ್ಣ ಮಾತ್ರ ಬೇರೆ. ಈಗ ಒಂದೊಂದಕ್ಕೆ ಒಂದೊಂದು ಆಕಾರ. ನಿಮ್ಮ ಚಿತ್ರಗಳನ್ನೂ ಒಮ್ಮೆ ಕಪ್ಪು ಬಿಳುಪು ಮಾಡಿ ನೋಡಿ. ಬೆಳ್ಳಿ, ತವರ, ಸೀಸ, ಪ್ಲಾಟಿನಂ ನಾಲ್ಕೂ ಒಂದೇ ಬೂದಿ ಬಣ್ಣ. ನನಗೆ ಗೊತ್ತಾಗಲಿಲ್ಲ ಯಾವುದು ಯಾವುದು ಅಂತ.

ಚೀಲದ ಲೆಕ್ಕಕ್ಕೂ ಬರೋಣ. ಆಟಗಾರನ ಬಳಿ ಇರುವುದು 36 ಖಾನೆ. ಗಣಿಗೆ ಇಳಿಯುವಾಗಲೇ ಪಿಕಾಸಿ, ಕತ್ತಿ, ಪಂಜು, ಊಟ, ನೀರಿನ ಬಕೆಟ್ ಸೇರಿ ಏಳೆಂಟು ಹೋಯಿತು. ಒಳಗೆ ಹೋದರೆ ಕಲ್ಲು, ಡೀಪ್‌ಸ್ಲೇಟ್, ಟಫ್, ಗ್ರಾನೈಟ್, ಡಯೊರೈಟ್, ಆಂಡಿಸೈಟ್, ಮಣ್ಣು, ಜಲ್ಲಿ. ಆಮೇಲೆ ಕಲ್ಲಿದ್ದಲು, ಕಬ್ಬಿಣ, ತಾಮ್ರ, ಚಿನ್ನ, ರೆಡ್‌ಸ್ಟೋನ್, ಲಾಪಿಸ್, ವಜ್ರ. ನಡುವೆ ಎಲುಬು, ಬಾಣ, ಕೊಳೆತ ಮಾಂಸ. ಇದರ ಮೇಲೆ ನಿಮ್ಮ ಎಂಟು. ಗಣಿಯಲ್ಲಿ ಅಗೆಯುವುದಕ್ಕಿಂತ ಯಾವುದನ್ನು ಬಿಸಾಡಲಿ ಅಂತ ಯೋಚಿಸುವುದೇ ಜಾಸ್ತಿ ಆಗುತ್ತದೆ.

ಮಾಡ್‌ಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಆಗಿದೆ. ಮೈನ್‌ಕ್ರಾಫ್ಟ್‌ನಲ್ಲೇ ತಾಮ್ರ ಇಲ್ಲದ ಕಾಲದಲ್ಲಿ ಬೇರೆ ಬೇರೆ ಮಾಡ್ ಮಾಡುವವರು ತಂತಮ್ಮ ತಾಮ್ರ ತಂದರು. ಮೂರು ಮಾಡ್ ಒಟ್ಟಿಗೆ ಹಾಕಿದರೆ ಮೂರು ತಾಮ್ರ. ಒಂದರ ಮೇಲೊಂದು ಪೇರುವುದಿಲ್ಲ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಕೊನೆಗೆ ಮಾಡ್‌ಗಳನ್ನು ಓಡಿಸುವ ಫೋರ್ಜ್ ತಂತ್ರಾಂಶದವರು ‘ಓರ್ ಡಿಕ್ಷನರಿ’ ಅಂತ ಒಂದು ವ್ಯವಸ್ಥೆ ಮಾಡಿ, ಇವೆಲ್ಲ ತಾಮ್ರವೇ ಕಣ್ರಪ್ಪಾ ಅಂತ ಆಟಕ್ಕೆ ಹೇಳಿಕೊಡಬೇಕಾಯಿತು.

ಇಷ್ಟು ಹೊತ್ತು ಬೇಡ ಬೇಡ ಅಂದೆ. ಈಗ ನಿಮಗೆ ಇಷ್ಟ ಆಗುವ ಲೆಕ್ಕ ಒಂದು ಹೇಳುತ್ತೇನೆ. ಇದನ್ನು ನಿಮ್ಮ ಊರಿಗಾಗಿಯೇ ಹಾಕಿದ್ದು.

ಕೆಜಿಎಫ್‌ನಿಂದ ಸುಮಾರು 120 ವರ್ಷದಲ್ಲಿ ತೆಗೆದ ಚಿನ್ನ ಹತ್ತಿರ ಹತ್ತಿರ 800 ಟನ್ ಅಂತ ಹೇಳುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ. ಮೈನ್‌ಕ್ರಾಫ್ಟ್‌ನ ಒಂದು ಬ್ಲಾಕ್ ಅಂದರೆ ಒಂದು ಘನ ಮೀಟರ್. ಒಂದು ಘನ ಮೀಟರ್ ಚಿನ್ನ 19.3 ಟನ್ ತೂಗುತ್ತದೆ. 800ನ್ನು 19.3ರಿಂದ ಭಾಗಿಸಿ. ನಲವತ್ತೊಂದೂವರೆ ಬ್ಲಾಕ್! ಆಕಾಶಕ್ಕೆ ಬೆಳಕು ಚೆಲ್ಲುವ ಬೀಕನ್ ಇಡಲು ಎರಡು ಮೆಟ್ಟಿಲ ಪಿರಮಿಡ್ಡಿಗೆ 34 ಬ್ಲಾಕ್ ಬೇಕು. ಮೂರನೇ ಮೆಟ್ಟಿಲು ಬೇಕೆಂದರೆ ಇನ್ನೂ 49. ಅಂದರೆ ತಾತ, ಮುತ್ತಾತಂದಿರು ತೆಗೆದ ಅಷ್ಟೂ ಚಿನ್ನದಲ್ಲಿ ಎರಡು ಮೆಟ್ಟಿಲು ಆಗಿ ಏಳು ಬ್ಲಾಕ್ ಮಿಗುತ್ತದೆ.

ಇನ್ನೂ ಇದೆ, ತಾಳಿ. ಆಟದಲ್ಲಿ 9 ಗಟ್ಟಿ ಸೇರಿದರೆ ಒಂದು ಬ್ಲಾಕ್. ಹಾಗಾದರೆ ಒಂದು ಗಟ್ಟಿ ಎರಡು ಟನ್‌ಗೂ ಮೇಲೆ. ಒಂದು ಅದಿರು ಒಡೆದು ಕುಲುಮೆಗೆ ಹಾಕಿದರೆ ಒಂದು ಗಟ್ಟಿ. ಕೆಜಿಎಫ್‌ನ ಪೂರ್ತಿ ಚರಿತ್ರೆ ಆಟದಲ್ಲಿ ಸುಮಾರು 373 ಅದಿರು. ನಿಮ್ಮಲ್ಲಿ ಎಷ್ಟೋ ಜನ ಇದನ್ನು ಒಂದು ರಜೆಯಲ್ಲಿ ಮುಗಿಸಿರುತ್ತೀರಿ.

(ಇಲ್ಲಿ ಜೋರಾಗಿ ನಗು. ಹಿಂದಿನ ಸಾಲಿನಿಂದ ಒಬ್ಬಳು, ‘ಸರ್, ನಮ್ಮ ತಾತ ಮಾರಿಕುಪ್ಪಂ ಗಣಿಯಲ್ಲಿ ಕೆಲಸ ಮಾಡ್ತಿದ್ರು, ಅವರಿಗೆ ಹೇಳಿದ್ರೆ ಬೈತಾರೆ’ ಅಂದಳು.)

ಬೈಯಲೇಬೇಕು. ನಿಜದ ಗಣಿಯಲ್ಲಿ ಶುರುವಿನ ಕಾಲದ ಒಳ್ಳೇ ಅದಿರಿನಲ್ಲೂ ಟನ್ನಿಗೆ ನಲವತ್ತು ಚಿಲ್ಲರೆ ಗ್ರಾಂ ಚಿನ್ನ. ಕೊನೆಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಅದನ್ನು ತರಲು ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಬೇಕಿತ್ತು. ಅಲ್ಲಿ ಬಂಡೆ ಸುಡುತ್ತಿತ್ತು, ತಣ್ಣನೆ ಗಾಳಿ ಮೇಲಿನಿಂದ ತಳ್ಳಬೇಕಿತ್ತು. ಭಾರ ತಡೆಯದೆ ಬಂಡೆ ಸಿಡಿಯುತ್ತಿತ್ತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ತಂದದ್ದು ಈ ಗಣಿಗೆ. ಚಿನ್ನ ಖಾಲಿ ಆಯಿತು ಅಂತ ಗಣಿ ಮುಚ್ಚಲಿಲ್ಲ. ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆ ದಾಟಿಹೋಯಿತು. ಟನ್ನಿಗೆ ನಾಲ್ಕು ಗ್ರಾಂ ತೆಗೆದರೆ ಉಳಿದದ್ದೆಲ್ಲ ಎಲ್ಲಿ ಹೋಯಿತು ಅಂತ ಕೇಳುವುದೇ ಬೇಡ, ಸೈನೈಡ್ ದಿಬ್ಬಗಳು ಕಣ್ಣೆದುರೇ ಇವೆ. ಗಾಳಿ ಬೀಸಿದರೆ ಮನೆಯೊಳಗೂ ಬರುತ್ತವೆ.

ಇದನ್ನೆಲ್ಲ ಆಟದಲ್ಲಿ ಹಾಗೇ ತರಬೇಕು ಅಂತ ನಾನು ಹೇಳುತ್ತಿಲ್ಲ. ಟನ್ನಿಗೆ ನಾಲ್ಕು ಗ್ರಾಂ ಇಟ್ಟರೆ ಯಾರೂ ಆಡುವುದಿಲ್ಲ. ನಾನು ಹೇಳುವುದು ಇಷ್ಟೇ. ನಿಮಗೆ ಚಿನ್ನ ಸಿಗುವ ರೀತಿಯನ್ನೇ ಬದಲಾಯಿಸಲು ಬರುತ್ತದೆ. ಹೊಸ ಲೋಹದ ಹೆಸರಿಗಿಂತ ಅಲ್ಲಿ ಆಟ ಜಾಸ್ತಿ ಇದೆ.

ಉದಾಹರಣೆಗೆ 2021ರ ನವೆಂಬರ್‌ನಲ್ಲಿ ಮೈನ್‌ಕ್ರಾಫ್ಟ್‌ನವರು ಮಾಡಿದ್ದು. ಅದಕ್ಕೆ ಮುಂಚೆ ಎಲ್ಲರೂ ಒಂದೇ ಮಟ್ಟಕ್ಕೆ, ಹನ್ನೊಂದು ಹನ್ನೆರಡಕ್ಕೆ, ಇಳಿದು ನೇರ ಸುರಂಗ ಹೊಡೆಯುತ್ತಿದ್ದರು. ಅಲ್ಲಿ ವಜ್ರ, ಚಿನ್ನ, ಕಬ್ಬಿಣ, ರೆಡ್‌ಸ್ಟೋನ್ ಎಲ್ಲ ಸಿಗುತ್ತಿತ್ತು. ಆ ಅಪ್‌ಡೇಟ್‌ನಲ್ಲಿ ನೆಲವನ್ನು ಮೈನಸ್ 64ರವರೆಗೆ ಇಳಿಸಿ, ಒಂದೊಂದು ಅದಿರಿಗೆ ಒಂದೊಂದು ಎತ್ತರ ಕೊಟ್ಟರು. ತಾಮ್ರ ಜಾಸ್ತಿ 48ರಲ್ಲಿ, ಕಬ್ಬಿಣ 16ರಲ್ಲಿ ಮತ್ತೆ ಬೆಟ್ಟದ ತುದಿಯಲ್ಲಿ, ಚಿನ್ನ ಮೈನಸ್ 16ರಲ್ಲಿ, ವಜ್ರ ತಳದಲ್ಲಿ. ಕಬ್ಬಿಣ ಬೇಕಾದವನು ಬೆಟ್ಟ ಹತ್ತಿದ, ವಜ್ರ ಬೇಕಾದವನು ಪಾತಾಳಕ್ಕೆ ಹೋದ. ಒಂದೂ ಹೊಸ ಅದಿರು ಸೇರಿಸದೆ ಎಲ್ಲರ ದಾರಿ ಬೇರೆ ಬೇರೆ ಮಾಡಿಬಿಟ್ಟರು. ಆ ಆಟದ ಅತ್ಯುತ್ತಮ ಅದಿರು ಅಪ್‌ಡೇಟ್ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಈಗ ನಿಮ್ಮ ಮಾಡ್ ಇರುವುದು ಲುವಾಂಟಿಯಲ್ಲಿ, ಮೊದಲು ಮೈನ್‌ಟೆಸ್ಟ್ ಅಂತಿದ್ದ, ಮೈನ್‌ಕ್ರಾಫ್ಟ್ ಥರದ ಆಟಗಳ ವೇದಿಕೆ. ಒಳ್ಳೇ ಆಯ್ಕೆ. ಪುಕ್ಕಟೆ, ಹಳೇ ಕಂಪ್ಯೂಟರಲ್ಲೂ ಓಡುತ್ತದೆ. ಇನ್ನೊಂದು ಅನುಕೂಲ, ಆಳ. ಮೈನ್‌ಕ್ರಾಫ್ಟ್‌ನ ಆಕಾಶದಿಂದ ತಳದವರೆಗೆ ಒಟ್ಟು 384 ಬ್ಲಾಕ್. ಚಾಂಪಿಯನ್ ರೀಫ್ ಅದರಲ್ಲಿ ಹಿಡಿಸುವುದೇ ಇಲ್ಲ, ಎಂಟಕ್ಕೂ ಹೆಚ್ಚು ಜಗತ್ತು ಒಂದರ ಕೆಳಗೊಂದು ಇಡಬೇಕು. ಲುವಾಂಟಿಯಲ್ಲಿ ಕೆಳಕ್ಕೆ ಸುಮಾರು 31,000 ಬ್ಲಾಕ್ ಇದೆ. ಕೆಜಿಎಫ್ ಅಳತೆಗೆ ಅಳತೆ ಹಿಡಿಸಿ ಇನ್ನೂ ಬೇಕಾದಷ್ಟು ಮಿಗುತ್ತದೆ.

ಅದರಲ್ಲಿ ಅದಿರು ಹಾಕುವ ಕೋಡ್ ನೋಡಿದ್ದೀರಿ. ‘ಕ್ಲಸ್ಟ್ ಸ್ಕೇರ್ಸಿಟಿ’ ಅಂತ ಒಂದು ಸಂಖ್ಯೆ ಕೊಡುತ್ತೀರಿ. 8 ಸಲ 8 ಸಲ 8 ಅಂದರೆ 512 ಬ್ಲಾಕಿಗೆ ಸರಾಸರಿ ಒಂದು ಗುಂಪು. ಅದರ ಮೇಲೆ ‘ಓರ್ ಟೈಪ್’ ಅಂತ ಒಂದು ಸಾಲು ಇದೆ. ನೀವು ಎಲ್ಲದಕ್ಕೂ ‘ಸ್ಕ್ಯಾಟರ್’ ಅಂತ ಬರೆದಿದ್ದೀರಿ. ಬೀಜ ಎರಚಿದ ಹಾಗೆ ಅಲ್ಲೊಂದು ಇಲ್ಲೊಂದು. ಕೆಜಿಎಫ್‌ನ ಚಿನ್ನ ಹಾಗಿರಲಿಲ್ಲ. ಬಿಳಿ ಬೆಣಚುಕಲ್ಲಿನ ಕಿರಿದಾದ ಪದರ, ಓರೆಯಾಗಿ ಭೂಮಿಯೊಳಗೆ ಇಳಿದು ಕಿಲೋಮೀಟರುಗಟ್ಟಲೆ ಹೋಗುತ್ತಿತ್ತು. ಅದರ ಹಿಂದೆ ಹೋಗಬೇಕು, ನಡುವೆ ತಪ್ಪಿಸಿಕೊಂಡರೆ ಮತ್ತೆ ಹುಡುಕಬೇಕು. ‘ಸ್ಕ್ಯಾಟರ್’ ತೆಗೆದು ‘ವೇಯ್ನ್’ ಅಂತ ಹಾಕಿ, ಅದು ಕೇಳುವ ನಾಯ್ಸ್ ಸಂಖ್ಯೆಗಳನ್ನು, ಅಂದರೆ ಪದರದ ಆಕಾರ ತೀರ್ಮಾನಿಸುವ ಸಂಖ್ಯೆಗಳನ್ನು, ಕೊಡಿ. ಸುತ್ತ ಬೆಣಚುಕಲ್ಲು ಇರಲಿ, ಅದು ಕಂಡರೆ ಹತ್ತಿರದಲ್ಲಿ ಚಿನ್ನ ಇದೆ ಅಂತ ಆಟಗಾರನೇ ಕಲಿತುಕೊಳ್ಳುತ್ತಾನೆ. ಅದೇ ಹಳದಿ ಚಿನ್ನ. ಆದರೆ ಅಗೆಯುವುದೇ ಬೇರೆ ಕೆಲಸ ಆಗುತ್ತದೆ.

ತವರ ಬೇಕು ಅಂದವರು ಯಾರು? ಲುವಾಂಟಿಯಲ್ಲಿ ಓಡುವ ‘ಮೈನ್‌ಟೆಸ್ಟ್ ಗೇಮ್’ ಅನ್ನುವ ಆಟದಲ್ಲಿ ಅದು ಆಗಲೇ ಇದೆ. 8 ತಾಮ್ರದ ಗಟ್ಟಿ, ನಡುವೆ 1 ತವರ ಇಟ್ಟರೆ 9 ಕಂಚು. ಒಂಬತ್ತರಲ್ಲಿ ಒಂದು, ಅಂದರೆ ಶೇಕಡಾ 11. ನಿಜದ ಕಂಚಿನಲ್ಲೂ ತವರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಇದನ್ನು ಯಾರು ಬರೆದರೋ, ಅವರಿಗೆ ಒಂದು ಕಾಫಿ ಕುಡಿಸಬೇಕು. ತವರ ಒಂಟಿಯಾಗಿ ಯಾವುದಕ್ಕೂ ಹೆಚ್ಚು ಬಾರದು, ತಾಮ್ರದ ಜೊತೆ ಸೇರಿದರೆ ಬೆಲೆ.

‘ಸರ್, ಟೆರಾರಿಯಾ ಆಟದಲ್ಲಿ ಎಷ್ಟೊಂದು ಅದಿರು ಇದೆಯಲ್ಲ, ಅಲ್ಲಿ ಯಾರೂ ಬೈಯಲ್ಲ’ ಅಂತ ಇನ್ನೊಬ್ಬರು.

ಒಳ್ಳೇ ಪ್ರಶ್ನೆ. ಅಲ್ಲಿ ತಾಮ್ರಕ್ಕೆ ತವರ, ಕಬ್ಬಿಣಕ್ಕೆ ಸೀಸ, ಬೆಳ್ಳಿಗೆ ಟಂಗ್‌ಸ್ಟನ್, ಚಿನ್ನಕ್ಕೆ ಪ್ಲಾಟಿನಂ ಜೋಡಿ. ಆದರೆ ಸಾಮಾನ್ಯವಾಗಿ ಒಂದು ಜಗತ್ತಿನಲ್ಲಿ ಜೋಡಿಯಲ್ಲಿ ಒಂದೇ ಹುಟ್ಟುತ್ತದೆ. ಎಂಟು ಅದಿರು ಇದ್ದರೂ ನಿಮ್ಮ ಕಣ್ಣಿಗೆ ಬೀಳುವುದು ನಾಲ್ಕು. ಚೀಲವೂ ತುಂಬುವುದಿಲ್ಲ, ಮೆಟ್ಟಿಲೂ ಜಾಸ್ತಿ ಆಗುವುದಿಲ್ಲ, ಪಕ್ಕದ ಮನೆಯವನ ಜಗತ್ತು ಮಾತ್ರ ಬೇರೆ. ಆ ಆಟದಲ್ಲಿ ಅಗೆಯುವುದೊಂದೇ ಅಲ್ಲದೆ ಹೊಡೆದಾಟವೂ ಮುಖ್ಯ, ಹಾಗಾಗಿ ಆಯುಧದ ಮೆಟ್ಟಿಲು ಅಲ್ಲಿ ಬೇಕು. ನಿಮ್ಮ ಆಟದಲ್ಲಿ ಹೊಡೆದಾಟ ಎಲ್ಲಿದೆ?

ಯುರೇನಿಯಂಗೆ ನಾನು ಅರ್ಧ ಒಪ್ಪುತ್ತೇನೆ. ಕೈಯಲ್ಲಿ ಹಿಡಿದರೆ ತೊಂದರೆ, ಸಾಗಿಸಲು ಸೀಸದ ಪೆಟ್ಟಿಗೆ ಬೇಕು ಅಂತ ಮಾಡಿದರೆ ಸೀಸಕ್ಕೂ ಕೆಲಸ ಸಿಕ್ಕಿತು. ಬರೀ ಹಸಿರಾಗಿ ಹೊಳೆಯುವ ಇನ್ನೊಂದು ಕಲ್ಲಾದರೆ ಬೇಡ. ಕೋಲಾರೈಟ್ ಬರೆದವರು ಇವತ್ತು ಕೈ ಎತ್ತಲಿಲ್ಲ, ಅವರು ಆಮೇಲೆ ಸಿಕ್ಕಿ.

ಆಳಕ್ಕೆ ಹೋದರೆ ಅದಿರೇ ಸಿಗಬೇಕು ಅಂತೇನೂ ಇಲ್ಲ ಅನ್ನುವುದನ್ನೂ ಯೋಚಿಸಿ. 1965ರಲ್ಲಿ ಇದೇ ಕೆಜಿಎಫ್ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಮೇಲಿನ ಎರಡು ಕಿಲೋಮೀಟರ್ ಚಿಲ್ಲರೆ ಬಂಡೆ ಬೇರೆ ಕಣಗಳನ್ನು ತಡೆದು ನಿಲ್ಲಿಸುತ್ತಿತ್ತು, ಅದಕ್ಕೇ ವಿಜ್ಞಾನಿಗಳು ಅಲ್ಲಿಗೆ ಇಳಿದದ್ದು. ಅವರಿಗೆ ಬೇಕಿದ್ದದ್ದು ಚಿನ್ನ ಅಲ್ಲ, ಆಳ. ಮೈನ್‌ಕ್ರಾಫ್ಟ್‌ನಲ್ಲೂ 2022ರಲ್ಲಿ ತಳದಲ್ಲಿ ಡೀಪ್ ಡಾರ್ಕ್ ಇಟ್ಟರು. ಅಲ್ಲಿ ಹೊಸ ಅದಿರಿಲ್ಲ. ಸದ್ದು ಮಾಡಿದರೆ ಎದ್ದು ಬರುವ ಕುರುಡು ವಾರ್ಡನ್ ಇದ್ದಾನೆ. ಆದರೂ ಜನ ಹೋಗುತ್ತಾರೆ, ಬೆರಳ ತುದಿಯಲ್ಲಿ ನಡೆದುಕೊಂಡು. ನಿಮ್ಮ 3,000ನೇ ಬ್ಲಾಕಿನ ಕೆಳಗೆ ಒಂದು ಪ್ರಯೋಗಶಾಲೆ ಇಡಿ. ಕೇಜ್, ಅಂದರೆ ಗಣಿಯ ಲಿಫ್ಟ್, ಇಳಿಸಬೇಕು, ಗಾಳಿ ತಳ್ಳಬೇಕು, ದೀಪ ಹಾಕಬೇಕು. ಕಬ್ಬಿಣ, ತಾಮ್ರ, ಕಲ್ಲಿದ್ದಲು ಎಲ್ಲಕ್ಕೂ ಅಲ್ಲೇ ಕೆಲಸ ಬಂತು.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂದಿದೆ. ‘ನಮ್ಮ ಕಾಲೇಜು ಸರ್ವರ್‌ನಲ್ಲಿ ಆಗಲೇ ಊರು ಕಟ್ಟಿದ್ದೇವೆ. ಈಗ ಕೋಡ್ ಬದಲಾಯಿಸಿದರೆ ಹಳೇ ಜಾಗದಲ್ಲೂ ಅದಿರು ಬರುತ್ತಾ?’

ಬರುವುದಿಲ್ಲ. ಲುವಾಂಟಿ ಒಂದು ಜಾಗವನ್ನು ಒಮ್ಮೆ ಹುಟ್ಟಿಸಿ ಉಳಿಸಿಕೊಳ್ಳುತ್ತದೆ. ಹೊಸ ನಿಯಮ ಇನ್ನೂ ಯಾರೂ ಹೋಗದ ಜಾಗಕ್ಕೆ ಮಾತ್ರ. ‘ಡಿಲೀಟ್‌ಬ್ಲಾಕ್ಸ್’ ಅನ್ನುವ ಕಮಾಂಡ್ ಇದೆ, ಹಳೇ ಜಾಗ ಅಳಿಸಿದರೆ ಮತ್ತೆ ಹೊಸದಾಗಿ ಹುಟ್ಟುತ್ತದೆ. ಆದರೆ ಅದರ ಮೇಲೆ ಕಟ್ಟಿದ ಮನೆಗಳೂ ಹೋಗುತ್ತವೆ. ಊರು ಹಾಗೇ ಇರಲಿ. ಊರಿಂದ ದೂರಕ್ಕೆ ಒಂದು ರೈಲು ಹಳಿ ಹಾಕಿ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಇರುವಂಥದ್ದು. ಅದರ ಕೊನೆಯಲ್ಲಿ ಗಣಿ ತೆರೆಯಿರಿ. ಮತ್ತೆ ಕೋಡ್ ಮುಟ್ಟುವ ಮುಂಚೆ ಸರ್ವರ್ ನಿಲ್ಲಿಸಿ, ವರ್ಲ್ಡ್ ಫೋಲ್ಡರನ್ನು ಪೂರ್ತಿ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.